ಕುತ್ತಿಗೆಯ ಬೆನ್ನೆಲುಬಿನ ಗಡ್ಡೆ ಅಪಧಮನಿಗೆ ಒತ್ತಿಕೊಂಡಿದ್ದಾಗ: ರೋಗಿಗೂ ಮನೆಯವರಿಗೂ ಹಂತ ಹಂತದ ಮಾರ್ಗದರ್ಶಿ

ಕುತ್ತಿಗೆಯ ಎಂ.ಆರ್.ಐ. ವರದಿಯಲ್ಲಿ ‘ಗಡ್ಡೆಯು ಬಲಗಡೆಯ ವರ್ಟಿಬ್ರಲ್ ಅಪಧಮನಿಯನ್ನು ಸುತ್ತುವರಿದಿದೆ’ ಎಂಬ ಸಾಲು ಕಂಡಾಗ ಮನೆಯವರು ಮೊದಲು ಕೇಳುವುದು, ಇದನ್ನು ತೆಗೆಯಲು ಆಗುತ್ತದೆಯೇ ಎಂದು. ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅದಕ್ಕೂ ಮುನ್ನ ಬೇರೆ ಮೂರು ಪ್ರಶ್ನೆಗಳು ಇತ್ಯರ್ಥವಾಗಬೇಕು: ಗಡ್ಡೆ ಯಾವ ಜಾತಿಯದು, ಆ ಒಂದು ಅಪಧಮನಿ ಇಲ್ಲದಿದ್ದರೂ ಮೆದುಳಿಗೆ ರಕ್ತ ಸಾಲುತ್ತದೆಯೇ, ಮತ್ತು ಶಸ್ತ್ರಚಿಕಿತ್ಸೆಯ ಗುರಿ ಗಡ್ಡೆಯನ್ನು ಪೂರ್ತಿ ತೆಗೆಯುವುದೇ ಅಥವಾ ಬೆನ್ನುಹುರಿಯ ಮೇಲಿನ ಒತ್ತಡ ಇಳಿಸುವುದಷ್ಟೇ ಆಗಿದೆಯೇ. ಈ ಮೂರೂ ತೀರ್ಮಾನಗಳು ರೋಗಿ ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆಯೇ, ಸಾಕಷ್ಟು ಚರ್ಚಿಸಿ ಆಗಬೇಕಾದವು. ಅಪಧಮನಿಯನ್ನು ಏನು ಮಾಡುವುದೆಂಬುದನ್ನು ರಕ್ತ ಚಿಮ್ಮಿದ ಮೇಲೆ ಯೋಚಿಸುವಂತಾಗಬಾರದು. ಈ ಲೇಖನ ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಅವರೊಡನೆ ಕುಳಿತು ಮಾತನಾಡುವಾಗ ಏನು ಕೇಳಬೇಕು, ಯಾವ ಹಂತದಲ್ಲಿ ಏನನ್ನು ಸಿದ್ಧಮಾಡಿಕೊಳ್ಳಬೇಕು ಎಂಬುದನ್ನು ತಿಳಿಸುವುದಕ್ಕೆ ಬರೆದದ್ದು.

ಆ ಜಾಗ ಏಕೆ ಇಷ್ಟು ಇಕ್ಕಟ್ಟಿನದು

ಕುತ್ತಿಗೆಯಲ್ಲಿ ಏಳು ಕಶೇರುಮಣಿಗಳಿವೆ. ವೈದ್ಯರು ಅವನ್ನು ಮೇಲಿನಿಂದ ಸಿ1, ಸಿ2 ಎಂದು ಸಿ7ರವರೆಗೆ ಎಣಿಸುತ್ತಾರೆ. ಎದೆಯ ಮತ್ತು ಸೊಂಟದ ಮಣಿಗಳಿಗಿಲ್ಲದ ಒಂದು ರಚನೆ ಇವಕ್ಕಿದೆ: ಪ್ರತಿಯೊಂದರ ಎರಡೂ ಪಕ್ಕಗಳಲ್ಲಿ ಒಂದೊಂದು ರಂಧ್ರ. ತೋಳಿಗೆ ರಕ್ತ ಒಯ್ಯುವ ಸಬ್‌ಕ್ಲೇವಿಯನ್ ಅಪಧಮನಿಯಿಂದ ಕವಲೊಡೆಯುವ ವರ್ಟಿಬ್ರಲ್ ಅಪಧಮನಿಯು, ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಆರನೆಯ ಮಣಿಯ ರಂಧ್ರದಲ್ಲಿ ಒಳಹೊಕ್ಕು, ಮಣಿಗಳೊಳಗೆ ಪೋಣಿಸಿದ ದಾರದಂತೆ ಮೇಲೇರಿ, ಮೊದಲ ಮಣಿಯ ಹಿಂಬದಿಯ ಕಮಾನಿನ ಮೇಲೆ ಹೊರಳಿ ತಲೆಬುರುಡೆಯನ್ನು ಸೇರುತ್ತದೆ. ಎಡಬಲದ ಎರಡೂ ಅಲ್ಲಿ ಕೂಡಿ ಬೇಸಿಲಾರ್ ಅಪಧಮನಿಯಾಗುತ್ತವೆ. ಉಸಿರಾಟವನ್ನು ನಡೆಸುವ ಮೆದುಳಿನ ಕಾಂಡಕ್ಕೂ, ದೇಹದ ಸಮತೋಲ ಕಾಯುವ ಕಿರುಮೆದುಳಿಗೂ, ದೃಷ್ಟಿಗೆ ಸಂಬಂಧಿಸಿದ ಮೆದುಳಿನ ಹಿಂಭಾಗಕ್ಕೂ ರಕ್ತ ಹೋಗುವುದು ಮುಖ್ಯವಾಗಿ ಈ ದಾರಿಯಲ್ಲಿ.

ಕುತ್ತಿಗೆಯ ಮುಂಬದಿಯಲ್ಲಿ ಬೆರಳಿಟ್ಟರೆ ಮಿಡಿತ ಸಿಗುವುದು ಕ್ಯಾರೋಟಿಡ್ ಅಪಧಮನಿಯದು. ಅದು ಮೃದು ಅಂಗಾಂಶಗಳ ನಡುವೆ ಇರುವುದರಿಂದ ಶಸ್ತ್ರಚಿಕಿತ್ಸಕರು ಅದನ್ನು ಸಾಮಾನ್ಯವಾಗಿ ಮೆಲ್ಲನೆ ಪಕ್ಕಕ್ಕೆ ಸರಿಸಿಕೊಳ್ಳಬಲ್ಲರು. ವರ್ಟಿಬ್ರಲ್ ಅಪಧಮನಿ ಎಲುಬಿನ ರಂಧ್ರಗಳೊಳಗೆ ಇರುವ ಕಾರಣ ಹಾಗೆ ಸರಿಯುವುದಿಲ್ಲ. ಸಾಲದ್ದಕ್ಕೆ ಕೈಗೆ ಹೋಗುವ ನರಬೇರುಗಳು ಅದರ ಬೆನ್ನಿಗೇ ಹಾದು ಹೊರಬರುತ್ತವೆ. ಹೀಗಾಗಿ ನರಬೇರಿನಲ್ಲಿ ಹುಟ್ಟಿದ ಗಡ್ಡೆ ಸ್ವಲ್ಪ ಬೆಳೆದರೂ ಮೊದಲು ತಾಗುವುದು ಈ ಅಪಧಮನಿಗೇ.

ಮೊದಲ ಹೆಜ್ಜೆ: ಲಕ್ಷಣಗಳನ್ನು ಗುರುತಿಸುವುದು, ಕುತ್ತಿಗೆಯನ್ನು ಮುಟ್ಟಿಸದಿರುವುದು

ಕುತ್ತಿಗೆ ನೋವು ಬಹುಮಂದಿಗೆ ಬರುವಂಥದ್ದು, ಅದರಲ್ಲಿ ಗಡ್ಡೆಯಿಂದ ಬರುವುದು ತೀರ ವಿರಳ. ಆದರೂ ಮಲಗಿದಾಗ ಹೆಚ್ಚಾಗಿ ನಿದ್ದೆಗೆಡಿಸುವ ನೋವು, ವಾರಗಳು ಕಳೆದರೂ ಒಂದೇ ಕೈಗೆ ಇಳಿಯುತ್ತಿರುವ ನೋವು ಅಥವಾ ಜೋಮು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಶುರುವಾದ ನೋವು, ಇವನ್ನು ಮಾತ್ರೆಯಲ್ಲಿ ಮುಚ್ಚಿಡಬಾರದು. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಾಗ ಕಾಣುವ ಲಕ್ಷಣಗಳು ನೋವಿಗಿಂತ ಸದ್ದಿಲ್ಲದವು: ಅಂಗಿಯ ಗುಂಡಿ ಹಾಕಲು ತಡವರಿಸುವುದು, ಅನ್ನ ಕಲಸಿ ತುತ್ತೆತ್ತುವಾಗ ಬೆರಳು ಹಿಡಿತಕ್ಕೆ ಬಾರದಿರುವುದು, ನಡೆಯುವಾಗ ಚಪ್ಪಲಿ ಕಳಚಿಹೋದದ್ದೂ ತಿಳಿಯದಿರುವುದು, ಕಾಲು ಸೆಟೆದುಕೊಳ್ಳುವುದು. ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಕೈಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಂದಿದರೆ ಹೊರರೋಗಿ ವಿಭಾಗದ ಸರದಿಗೆ ಕಾಯದೆ ತುರ್ತು ವಿಭಾಗಕ್ಕೇ ಹೋಗಬೇಕು.

ಗಡ್ಡೆಯ ಸಂಶಯ ಬಂದ ಕ್ಷಣದಿಂದ ಕುತ್ತಿಗೆಗೆ ಮಾಲೀಶು, ತೂಕ ಕಟ್ಟಿ ಎಳೆಸುವುದು, ಎಲುಬು ಕೂರಿಸುವವರ ಬಳಿ ಹೋಗುವುದು, ಕ್ಷೌರದಂಗಡಿಯಲ್ಲಿ ತಲೆಯನ್ನು ಸರಕ್ಕನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವುದು, ಇವೆಲ್ಲ ನಿಲ್ಲಬೇಕು. ಈ ಕೊನೆಯದರ ಬಗ್ಗೆ ನಮ್ಮಲ್ಲಿ ಇರಬೇಕಾದಷ್ಟು ಭಯ ಇಲ್ಲ. ಗಡ್ಡೆಯೇ ಇಲ್ಲದವರಲ್ಲೂ ಹಾಗೆ ತಿರುಗಿಸಿದಾಗ ವರ್ಟಿಬ್ರಲ್ ಅಪಧಮನಿಯ ಒಳಪದರ ಹರಿದು ಪಾರ್ಶ್ವವಾಯು ಆದ ನಿದರ್ಶನಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗಡ್ಡೆ ತಿಂದು ಸಡಿಲಾದ ಎಲುಬಿನಲ್ಲಿ ಬೆನ್ನುಹುರಿಗೇ ಪೆಟ್ಟಾಗಬಹುದು.

ಎರಡನೆಯ ಹೆಜ್ಜೆ: ಚಿತ್ರಗಳನ್ನು ಪೂರ್ತಿ ಮಾಡಿಸುವುದು

ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣುವಂತೆ ರಕ್ತನಾಳಕ್ಕೆ ಕೊಡುವ ಔಷಧಿ) ಕೊಟ್ಟು ಮಾಡಿದ ಎಂ.ಆರ್.ಐ. ಗಡ್ಡೆಯನ್ನೂ ಬೆನ್ನುಹುರಿಯನ್ನೂ ನರಗಳನ್ನೂ ತೋರಿಸುತ್ತದೆ. ಎಲುಬು ಎಷ್ಟು ಸವೆದಿದೆ, ಸ್ಕ್ರೂ ಹಾಕಲು ಎಲ್ಲಿ ಗಟ್ಟಿ ಉಳಿದಿದೆ ಎಂಬುದಕ್ಕೆ ಸಿ.ಟಿ. ಬೇಕು. ಅಪಧಮನಿಗಾಗಿ ರಕ್ತನಾಳಗಳನ್ನು ತೋರಿಸುವ ಸಿ.ಟಿ. ಆಂಜಿಯೋಗ್ರಾಮ್ ಬೇಕು. ಬರೀ ಎಂ.ಆರ್.ಐ. ನೋಡಿಕೊಂಡು ಈ ಜಾಗದ ಶಸ್ತ್ರಚಿಕಿತ್ಸೆಗೆ ದಿನಾಂಕ ಗೊತ್ತುಮಾಡಿದ್ದರೆ, ಆಂಜಿಯೋಗ್ರಾಮ್ ಏಕೆ ಬೇಡವೆಂದು ಕೇಳುವುದು ತಪ್ಪಲ್ಲ. ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಎಂಬ ಶಂಕೆಯಿದ್ದರೆ ಇಡೀ ದೇಹದ ಪೆಟ್ ಸ್ಕ್ಯಾನ್ ಮಾಡಿಸಬೇಕಾಗಬಹುದು. ಕಾಂಟ್ರಾಸ್ಟ್ ಔಷಧಿಗೆ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಮೂತ್ರಪಿಂಡದ ತೊಂದರೆ, ಹಿಂದಿನ ಅಲರ್ಜಿ, ಮಧುಮೇಹದ ಮಾತ್ರೆಗಳು ಇದ್ದರೆ ಮೊದಲೇ ತಿಳಿಸಬೇಕು.

ಫಿಲ್ಮು ಮತ್ತು ಮುದ್ರಿತ ವರದಿ ಮಾತ್ರ ತೆಗೆದುಕೊಂಡು ಬರಬೇಡಿ. ಮೂಲ ಚಿತ್ರಗಳಿರುವ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಶಸ್ತ್ರಚಿಕಿತ್ಸಕರು ನೋಡುವುದು ಅದನ್ನೇ.

ಮೂರನೆಯ ಹೆಜ್ಜೆ: ಗಡ್ಡೆಯ ಜಾತಿ ತಿಳಿಯುವುದು

ನರಬೇರಿನ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ ನಿಧಾನವಾಗಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಅದರ ಒಂದು ಭಾಗ ಬೆನ್ನುಹುರಿಯ ಕೊಳವೆಯೊಳಗೂ ಇನ್ನೊಂದು ಭಾಗ ಹೊರಗೂ ಇದ್ದು ನಡುವೆ ಎಲುಬಿನ ಕಿಂಡಿಯಲ್ಲಿ ಸಣ್ಣದಾಗಿದ್ದರೆ ಅದನ್ನು ಡಂಬೆಲ್ ಗಡ್ಡೆ ಎನ್ನುತ್ತಾರೆ. ಶ್ವಾನೋಮಾ ಅಪಧಮನಿಯನ್ನು ಸಾಮಾನ್ಯವಾಗಿ ತಳ್ಳುತ್ತದೆ, ಒಳಹೊಕ್ಕು ತಿನ್ನುವುದಿಲ್ಲ. ಎರಡರ ನಡುವೆ ತೆಳುವಾದ ಪೊರೆ ಉಳಿದಿರುತ್ತದೆ. ವರದಿಯಲ್ಲಿ ‘ಸುತ್ತುವರಿದಿದೆ’ ಎಂದು ಓದಿ ಎದೆಗುಂದಿದವರಿಗೆ ಇದು ನಿಜಕ್ಕೂ ಸಮಾಧಾನದ ಸಂಗತಿ: ಪಳಗಿದ ಕೈಯಲ್ಲಿ ಅಪಧಮನಿಯನ್ನು ಉಳಿಸಿಕೊಂಡೇ ಹೆಚ್ಚಿನ ಶ್ವಾನೋಮಾಗಳನ್ನು ತೆಗೆಯಬಹುದು. ಚಿತ್ರದಲ್ಲಿ ಸ್ಪಷ್ಟವಾಗಿ ಶ್ವಾನೋಮಾ ಎಂದು ಕಂಡರೆ ಬಯಾಪ್ಸಿಯ ಅಗತ್ಯವೂ ಅನೇಕ ವೇಳೆ ಇರುವುದಿಲ್ಲ. ಒಬ್ಬರಲ್ಲೇ ಇಂಥ ಹಲವು ಗಡ್ಡೆಗಳಿದ್ದರೆ ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆಯನ್ನು ಹುಡುಕಬೇಕು, ಮನೆಯ ಇತರರನ್ನೂ ಪರೀಕ್ಷಿಸಬೇಕಾಗಬಹುದು.

ಬೆನ್ನೆಲುಬಿನಲ್ಲೇ ಹುಟ್ಟುವ ಕಾರ್ಡೋಮಾ ಎಂಬ ಗಡ್ಡೆಯದು ಬೇರೆಯೇ ಕಥೆ. ನಿಧಾನವಾಗಿ ಬೆಳೆದರೂ ಅದು ಕ್ಯಾನ್ಸರ್; ತೆಗೆಯುವಾಗ ಒಡೆದರೆ ಕಣಗಳು ಉದುರಿ ಅಲ್ಲೇ ಮತ್ತೆ ಚಿಗುರುವ ಸ್ವಭಾವ ಅದಕ್ಕಿದೆ. ಆದ್ದರಿಂದ ಅದನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದ ಪದರದೊಂದಿಗೆ ಇಡಿಯಾಗಿ ತೆಗೆಯುವುದು ಆದರ್ಶ. ಕುತ್ತಿಗೆಯಲ್ಲಿ ಆ ಪದರದೊಳಗೇ ಅಪಧಮನಿಯೂ ಕೈಯ ನರಗಳೂ ಸೇರಿರುವುದರಿಂದ, ಅಪಧಮನಿಯನ್ನು ಬಲಿಕೊಡುವ ಪ್ರಶ್ನೆ ಗಂಭೀರವಾಗಿ ಏಳುವುದು ಇಂಥ ಗಡ್ಡೆಗಳಲ್ಲಿ. ಬಯಾಪ್ಸಿಯ ಸೂಜಿ ಹೋದ ದಾರಿಯಲ್ಲೂ ಕಣಗಳು ಉಳಿಯಬಹುದಾದ್ದರಿಂದ, ಮುಂದೆ ಶಸ್ತ್ರಚಿಕಿತ್ಸೆ ಮಾಡುವ ತಂಡವೇ ಸೂಜಿಯ ದಾರಿಯನ್ನು ಗೊತ್ತುಮಾಡಬೇಕು.

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಥೈರಾಯ್ಡ್, ಮೂತ್ರಪಿಂಡಗಳಿಂದ ಹರಡಿ ಬಂದ ಗಡ್ಡೆಗಳಲ್ಲಿ ಗುರಿ ಸಾಮಾನ್ಯವಾಗಿ ಒತ್ತಡ ಇಳಿಸುವುದು, ಎಲುಬಿಗೆ ಆಧಾರ ಕೊಡುವುದು, ಬಳಿಕ ವಿಕಿರಣ ಚಿಕಿತ್ಸೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹರಡಿದ ಕ್ಯಾನ್ಸರಿನಿಂದ ಬೆನ್ನುಹುರಿ ಒತ್ತಿಹೋಗಿದ್ದವರ ಪೈಕಿ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಎರಡನ್ನೂ ಪಡೆದವರಲ್ಲಿ ಶೇ. 84 ಮಂದಿ, ವಿಕಿರಣ ಮಾತ್ರ ಪಡೆದವರಲ್ಲಿ ಶೇ. 57 ಮಂದಿ ಚಿಕಿತ್ಸೆಯ ಬಳಿಕ ನಡೆಯಬಲ್ಲವರಾಗಿದ್ದರು. ಇಲ್ಲಿ ಅಪಧಮನಿಗೆ ಅಂಟಿದ ಕೊನೆಯ ತುಣುಕಿಗಾಗಿ ಪಾರ್ಶ್ವವಾಯುವಿನ ಅಪಾಯ ಮೈಮೇಲೆ ಎಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ರಕ್ತಕಣಗಳ ಕ್ಯಾನ್ಸರುಗಳಾದ ಲಿಂಫೋಮಾ, ಮೈಲೋಮಾಗಳು ಔಷಧಿಗೂ ವಿಕಿರಣಕ್ಕೂ ಕರಗುವಂಥವು. ಎಷ್ಟೋ ಸಲ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ಬಯಾಪ್ಸಿಗೆ ಮುನ್ನ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕುಗ್ಗಿ ಪರೀಕ್ಷೆಯಲ್ಲಿ ಸಿಕ್ಕದೆ ಹೋಗಬಹುದಾದ್ದರಿಂದ, ಯಾರಾದರೂ ಅದನ್ನು ಆಗಲೇ ಶುರುಮಾಡಿದ್ದರೆ ಹೊಸ ವೈದ್ಯರಿಗೆ ಹೇಳಲೇಬೇಕು.

ನಮ್ಮ ದೇಶದಲ್ಲಿ ಇನ್ನೊಂದು ಸಾಧ್ಯತೆಯನ್ನು ಮರೆಯುವಂತಿಲ್ಲ: ಬೆನ್ನೆಲುಬಿನ ಕ್ಷಯ. ಎರಡು ಮಣಿಗಳ ನಡುವಿನ ಡಿಸ್ಕ್ ಕ್ಷಯದಲ್ಲಿ ಹಾಳಾಗುವುದು ಸಾಮಾನ್ಯ, ಗಡ್ಡೆಗಳಲ್ಲಿ ಅದು ಬಹುಮಟ್ಟಿಗೆ ಉಳಿದಿರುತ್ತದೆ. ಆದರೆ ಈ ಗುರುತು ಎಲ್ಲ ಸಲವೂ ನಿಲ್ಲುವುದಿಲ್ಲ. ಬಯಾಪ್ಸಿ ತೆಗೆದಾಗ ತುಣುಕನ್ನು ಕ್ಯಾನ್ಸರ್ ಪರೀಕ್ಷೆಗಷ್ಟೇ ಅಲ್ಲದೆ ಕ್ಷಯದ ಪರೀಕ್ಷೆಗಳಿಗೂ ಕಳುಹಿಸಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಅಪಧಮನಿಯ ಲೆಕ್ಕ

ಎರಡು ವರ್ಟಿಬ್ರಲ್ ಅಪಧಮನಿಗಳು ಬಹಳ ಜನರಲ್ಲಿ ಸಮಗಾತ್ರದವಲ್ಲ. ಎಡಗಡೆಯದು ದೊಡ್ಡದಾಗಿರುವುದು ಹೆಚ್ಚು. ಕೆಲವರಲ್ಲಿ ಒಂದು ಅಪಧಮನಿ ನೂಲಿನಷ್ಟು ಸಣ್ಣದಾಗಿರುತ್ತದೆ, ಇನ್ನು ಕೆಲವರಲ್ಲಿ ಅದು ಇನ್ನೊಂದನ್ನು ಸೇರದೆ ಕಿರುಮೆದುಳಿನ ಒಂದು ಭಾಗಕ್ಕಷ್ಟೇ ರಕ್ತ ಕೊಟ್ಟು ಮುಗಿದುಹೋಗುತ್ತದೆ. ಗಡ್ಡೆ ಸುತ್ತಿಕೊಂಡಿರುವುದು ಸಣ್ಣ ಅಪಧಮನಿಯನ್ನೋ ದೊಡ್ಡದನ್ನೋ ಎಂಬುದರ ಮೇಲೆ ಇಡೀ ಯೋಜನೆ ನಿಂತಿದೆ. ಇನ್ನೊಂದು ಬದಿಯ ಅಪಧಮನಿ ಸದೃಢವಾಗಿದ್ದರೆ ಒಂದನ್ನು ಮುಚ್ಚಿದರೂ ಹೆಚ್ಚಿನವರು ತಾಳಿಕೊಳ್ಳುತ್ತಾರೆ. ಇನ್ನೊಂದು ಬದಿಯದು ಸಣ್ಣದಿದ್ದರೆ ಇದನ್ನು ಹೇಗಾದರೂ ಉಳಿಸಿಕೊಳ್ಳಬೇಕು.

ಸಿ.ಟಿ. ಆಂಜಿಯೋಗ್ರಾಮಿನಿಂದ ಇದು ತೀರ್ಮಾನವಾಗದಿದ್ದರೆ ಡಿ.ಎಸ್.ಎ. ಮಾಡುತ್ತಾರೆ. ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸಣ್ಣ ನಳಿಕೆಯನ್ನು ಕುತ್ತಿಗೆಯವರೆಗೆ ಒಯ್ದು, ಕಾಂಟ್ರಾಸ್ಟ್ ಔಷಧಿ ಬಿಟ್ಟು, ರಕ್ತ ಹರಿಯುವುದನ್ನು ನೇರವಾಗಿ ನೋಡುವ ಪರೀಕ್ಷೆ ಇದು. ಬೆನ್ನುಹುರಿಯ ಮುಂಭಾಗಕ್ಕೆ ರಕ್ತ ಕೊಡುವ ಸಣ್ಣ ಕವಲು ಗಡ್ಡೆಯ ಮಟ್ಟದಲ್ಲೇ ಹೊರಡುತ್ತಿದೆಯೇ ಎಂಬುದೂ ಇದರಲ್ಲಿ ಗೊತ್ತಾಗುತ್ತದೆ. ಹಾಗೆ ಹೊರಡುತ್ತಿದ್ದರೆ ಆ ಅಪಧಮನಿಯನ್ನು ಮುಚ್ಚುವುದು ಬೆನ್ನುಹುರಿಗೇ ಅಪಾಯ.

ಇದೇ ಸಂದರ್ಭದಲ್ಲಿ ಬಲೂನ್ ಪರೀಕ್ಷೆಯನ್ನೂ ಮಾಡಬಹುದು. ರೋಗಿ ಎಚ್ಚರವಿರುವಾಗಲೇ ಅಪಧಮನಿಯೊಳಗೆ ಪುಟ್ಟ ಬಲೂನನ್ನು ಉಬ್ಬಿಸಿ, ಸಾಮಾನ್ಯವಾಗಿ 20ರಿಂದ 30 ನಿಮಿಷ ರಕ್ತದ ಹರಿವನ್ನು ತಡೆದು, ಮಾತು, ದೃಷ್ಟಿ, ನುಂಗುವಿಕೆ, ಕೈಕಾಲಿನ ಬಲ, ತಲೆಸುತ್ತು ಇವನ್ನೆಲ್ಲ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಏನಾದರೂ ವ್ಯತ್ಯಾಸ ಕಂಡೊಡನೆ ಬಲೂನನ್ನು ಇಳಿಸುತ್ತಾರೆ. ರೋಗಿ ಹೆದರಿ ಲಕ್ಷಣವನ್ನು ಮುಚ್ಚಿಟ್ಟರೆ ಪರೀಕ್ಷೆಯೇ ವ್ಯರ್ಥ. ಕಣ್ಣಿಗೆ ಸಣ್ಣ ಮಂಜು, ತುಟಿಯ ಜೋಮು, ಏನಾದರೂ ಸರಿ, ತಕ್ಷಣ ಹೇಳಬೇಕು. ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೂ ಮುಂದೆ ಪಾರ್ಶ್ವವಾಯು ಆಗುವುದೇ ಇಲ್ಲವೆಂಬ ಖಾತರಿಯಿಲ್ಲ. ಅಪಾಯ ಕಡಿಮೆ ಎಂಬಷ್ಟೇ ಅರ್ಥ. ಅಪಧಮನಿಯನ್ನು ಬಿಟ್ಟುಕೊಡುವುದೆಂದು ತೀರ್ಮಾನವಾದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಪ್ಲಾಟಿನಂ ಸುರುಳಿಗಳಿಂದ ಅದನ್ನು ಒಳಗಿನಿಂದ ಮುಚ್ಚುವುದುಂಟು. ಮೂತ್ರಪಿಂಡ ಮತ್ತು ಥೈರಾಯ್ಡಿನಿಂದ ಹರಡಿದ ಗಡ್ಡೆಗಳು, ಅನ್ಯೂರಿಸ್ಮಲ್ ಬೋನ್ ಸಿಸ್ಟ್ ಮುಂತಾದ ವಿಪರೀತ ರಕ್ತ ತುಂಬಿದ ಗಡ್ಡೆಗಳಿಗೆ ಹೋಗುವ ಸಣ್ಣ ನಾಳಗಳನ್ನೂ ಶಸ್ತ್ರಚಿಕಿತ್ಸೆಗೆ ಒಂದೆರಡು ದಿನ ಮುಂಚೆ ಹೀಗೆ ಮುಚ್ಚಿದರೆ ರಕ್ತಸ್ರಾವ ತಗ್ಗುತ್ತದೆ.

ಇಷ್ಟೆಲ್ಲ ಆದ ಮೇಲೆ ಶಸ್ತ್ರಚಿಕಿತ್ಸಕರ ಮುಂದೆ ಕುಳಿತು ಕೇಳಬೇಕಾದದ್ದು: ಈ ಅಪಧಮನಿಯನ್ನು ಉಳಿಸುವ ಉದ್ದೇಶವೋ ಬಿಟ್ಟುಕೊಡುವ ಉದ್ದೇಶವೋ? ಉಳಿಸುವಾಗ ಹರಿದರೆ ಹೊಲಿಯುವಿರಾ, ಕಟ್ಟುವಿರಾ? ಸ್ವಲ್ಪ ಗಡ್ಡೆಯನ್ನು ಅಪಧಮನಿಯ ಮೇಲೆಯೇ ಬಿಡಬೇಕಾದರೆ ಆಮೇಲೆ ಏನು? ಇಂಥ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸುವ ತಂಡವನ್ನು ನಾನು ಹೆಚ್ಚು ನಂಬುತ್ತೇನೆ. ‘ಒಳಗೆ ಹೋಗಿ ನೋಡೋಣ’ ಎಂಬ ಉತ್ತರ ಬಂದರೆ ಎರಡನೆಯ ಅಭಿಪ್ರಾಯ ಪಡೆಯುವುದು ಲೇಸು.

ಐದನೆಯ ಹೆಜ್ಜೆ: ಎಲ್ಲಿ, ಯಾವ ಖರ್ಚಿನಲ್ಲಿ

ಬೆನ್ನೆಲುಬಿನ ಗಡ್ಡೆಗಳಲ್ಲಿ ಅನುಭವವಿರುವ ಶಸ್ತ್ರಚಿಕಿತ್ಸಕರು, ರಕ್ತನಾಳದೊಳಗಿನ ಚಿಕಿತ್ಸೆ ಮಾಡುವ ತಜ್ಞರು, ನರಗಳ ಮೇಲೆ ನಿಗಾ ಇಡುವ ಯಂತ್ರ ಮತ್ತು ಸಿಬ್ಬಂದಿ, ಒಳ್ಳೆಯ ಐ.ಸಿ.ಯು., ರಕ್ತನಿಧಿ, ಇವೆಲ್ಲ ಒಂದೇ ಸೂರಿನಡಿ ಇರುವ ಆಸ್ಪತ್ರೆ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮೆದುಳು ಮತ್ತು ನರಮಂಡಲದ ಶಸ್ತ್ರಚಿಕಿತ್ಸೆಗೂ, ಅದರ ನೆರೆಯಲ್ಲಿರುವ ಕಿದ್ವಾಯಿ ಸಂಸ್ಥೆ ಕ್ಯಾನ್ಸರ್ ಚಿಕಿತ್ಸೆಗೂ ಸರ್ಕಾರಿ ವಲಯದ ಪ್ರಮುಖ ಕೇಂದ್ರಗಳು. ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಈ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯನ್ನು ಆರಿಸಬಾರದು. ಆನಂತರದ ಹೊಲಿಗೆ ಬಿಚ್ಚುವುದು, ವ್ಯಾಯಾಮ ಇತ್ಯಾದಿಗಳನ್ನು ಊರಲ್ಲೇ ಮಾಡಿಸಿಕೊಳ್ಳಬಹುದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಬೇಕಾಗುವುದರಿಂದ, ದಾಖಲಾದ ಮೇಲೆ ಓಡಾಡುವ ಬದಲು ಯೋಜನೆಯ ಮಾಹಿತಿ ಕೊಡಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮುಂಚಿತವಾಗಿ ವಿಚಾರಿಸಿ. ಇಂಪ್ಲಾಂಟ್ (ಎಲುಬಿಗೆ ಆಧಾರವಾಗಿ ಹಾಕುವ ಸ್ಕ್ರೂ, ಸರಳು), ಡಿ.ಎಸ್.ಎ., ಸುರುಳಿಗಳ ಖರ್ಚು ಪ್ಯಾಕೇಜಿನೊಳಗೆ ಬರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ತಿಳಿದುಕೊಳ್ಳಿ.

ಆರನೆಯ ಹೆಜ್ಜೆ: ಸಿದ್ಧತೆ ಮತ್ತು ಶಸ್ತ್ರಚಿಕಿತ್ಸೆಯ ದಿನ

ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಎಂದು ನಿಲ್ಲಿಸಬೇಕೆಂಬುದನ್ನು ಹೃದಯ ವೈದ್ಯರೂ ಶಸ್ತ್ರಚಿಕಿತ್ಸಕರೂ ಕೂಡಿ ಹೇಳಬೇಕು. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ನಾಟಿ ಔಷಧಿ, ಕಷಾಯ, ಲೇಹ್ಯ ಏನು ತೆಗೆದುಕೊಳ್ಳುತ್ತಿದ್ದರೂ ಸಂಕೋಚಪಡದೆ ತಿಳಿಸಿ. ಬೀಡಿ, ಸಿಗರೇಟು ಬಿಡದಿದ್ದರೆ ಎಲುಬು ಕೂಡಿಕೊಳ್ಳುವುದು ತಡವಾಗುತ್ತದೆ. ರಕ್ತದಾನಿಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಕುತ್ತಿಗೆ ಸಡಿಲವಾಗಿದ್ದರೆ ಅರಿವಳಿಕೆ ತಜ್ಞರು ತಲೆಯನ್ನು ಹಿಂದಕ್ಕೆ ಬಾಗಿಸದೆ, ಕೆಲವೊಮ್ಮೆ ರೋಗಿ ಎಚ್ಚರವಿರುವಾಗಲೇ, ಕ್ಯಾಮೆರಾ ಇರುವ ಬಳುಕುವ ನಳಿಕೆಯಿಂದ ಉಸಿರಿನ ಕೊಳವೆ ಹಾಕುತ್ತಾರೆ. ತಲೆಯನ್ನು ಮೂರು ಮೊನೆಗಳ ಹಿಡಿಕೆಯಲ್ಲಿ ಭದ್ರಪಡಿಸುತ್ತಾರೆ. ಎಚ್ಚರವಾದ ಮೇಲೆ ತಲೆಯಲ್ಲಿ ಮೂರು ಸಣ್ಣ ಗಾಯದ ಗುರುತು ಕಂಡು ಮನೆಯವರು ಗಾಬರಿಯಾಗಬೇಕಿಲ್ಲ. ಗಡ್ಡೆ ಎಲ್ಲಿದೆ ಎಂಬುದನ್ನು ನೋಡಿ ಕುತ್ತಿಗೆಯ ಹಿಂದಿನಿಂದಲೋ, ಮುಂದಿನಿಂದಲೋ, ಪಕ್ಕದಿಂದಲೋ ಹೋಗುತ್ತಾರೆ. ಎರಡು ದಾರಿಯೂ ಬೇಕಾದರೆ ಎರಡು ಬೇರೆ ಬೇರೆ ದಿನ ಮಾಡುವುದುಂಟು. ಇದು ಸೋಲಿನ ಲಕ್ಷಣವಲ್ಲ. ಅಪಧಮನಿ ಗಡ್ಡೆಗೆ ಸೇರುವ ಮುನ್ನ ಮತ್ತು ದಾಟಿದ ನಂತರ ಎರಡೂ ಕಡೆ ಹತೋಟಿಗೆ ಸಿಗುವಂತೆ ರಂಧ್ರದ ಎಲುಬನ್ನು ವಜ್ರದ ತುದಿಯ ಡ್ರಿಲ್ಲಿನಿಂದ ತೆರೆದುಕೊಂಡು, ಸೂಕ್ಷ್ಮದರ್ಶಕದಡಿ ಗಡ್ಡೆಯನ್ನು ಒಳಗಿನಿಂದ ಬರಿದುಮಾಡಿ, ನಂತರ ಅದರ ಹೊದಿಕೆಯನ್ನು ಬಿಡಿಸುವುದು ಶ್ವಾನೋಮಾದಂಥವುಗಳಲ್ಲಿ ರೂಢಿ. ಅಪಧಮನಿಯ ಸುತ್ತ ಹೆಣೆದುಕೊಂಡಿರುವ ಅಭಿಧಮನಿಗಳ ಜಾಲದಿಂದ ಬರುವ ರಕ್ತಸ್ರಾವವೇ ಅನೇಕ ವೇಳೆ ಕೆಲಸ ನಿಧಾನವಾಗಲು ಕಾರಣ. ಗಂಟೆಗಳು ಉರುಳಿದವೆಂದರೆ ಏನೋ ಕೆಟ್ಟದ್ದಾಯಿತೆಂದೇ ಅರ್ಥವಲ್ಲ.

ಮಣಿಗಳ ನಡುವಿನ ಕೀಲುಗಳ ಅರ್ಧಕ್ಕಿಂತ ಹೆಚ್ಚನ್ನು ತೆಗೆಯಬೇಕಾದಾಗ ಕುತ್ತಿಗೆ ಅಸ್ಥಿರವಾಗುವುದರಿಂದ ಟೈಟಾನಿಯಂ ಸ್ಕ್ರೂ, ಸರಳು, ಪಂಜರಗಳಿಂದ ಆಧಾರ ಕೊಡುತ್ತಾರೆ. ಆ ಭಾಗದ ತಿರುಗುವಿಕೆ ಅಷ್ಟರಮಟ್ಟಿಗೆ ಶಾಶ್ವತವಾಗಿ ಕಡಿಮೆಯಾಗುತ್ತದೆ. ಮೇಲಿನ ಎರಡು ಮಣಿಗಳನ್ನು ಬೆಸೆದರೆ ತಲೆ ತಿರುಗಿಸುವ ಶಕ್ತಿ ಸುಮಾರು ಅರ್ಧ ಹೋಗುತ್ತದೆಂಬುದನ್ನು ವಾಹನ ಓಡಿಸುವವರು ಮೊದಲೇ ತಿಳಿದಿರಬೇಕು.

ಏಳನೆಯ ಹೆಜ್ಜೆ: ಮೊದಲ ದಿನಗಳ ಎಚ್ಚರ

ಕುತ್ತಿಗೆ ಬಿಗಿಯಾಗಿ ಊದಿಕೊಂಡು ಉಸಿರು ಕಟ್ಟಿದಂತಾದರೆ ಒಳಗೆ ರಕ್ತ ಹೆಪ್ಪುಗಟ್ಟುತ್ತಿರಬಹುದು. ಒಂದು ನಿಮಿಷವೂ ತಡಮಾಡದೆ ನರ್ಸ್‌ರನ್ನು ಕರೆಯಬೇಕು. ಹೊಸದಾಗಿ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ಒಂದು ಬದಿ ದುರ್ಬಲವಾಗುವುದು ಮೆದುಳಿಗೆ ರಕ್ತ ಕಡಿಮೆಯಾದ ಸೂಚನೆಗಳು. ಗಾಯದಿಂದ ನೀರಿನಂಥ ದ್ರವ ಸೋರುವುದು, ಎದ್ದು ಕುಳಿತಾಗ ತೀವ್ರ ತಲೆನೋವು ಇದ್ದರೆ ಬೆನ್ನುಹುರಿಯ ದ್ರವ ಸೋರುತ್ತಿರುವ ಸಾಧ್ಯತೆಯಿದೆ.

ಇವುಗಳ ನಡುವೆ ಅಷ್ಟು ಹೆದರಬೇಕಿಲ್ಲದವೂ ಇವೆ. ಮುಂದಿನಿಂದ ಮಾಡಿದ ಶಸ್ತ್ರಚಿಕಿತ್ಸೆಯ ಬಳಿಕ ನುಂಗಲು ಕಷ್ಟ, ಗೊಗ್ಗರು ದನಿ ಸಾಮಾನ್ಯ, ಹೆಚ್ಚಿನವರಲ್ಲಿ ವಾರಗಳಲ್ಲಿ ಸರಿಹೋಗುತ್ತದೆ. ಪಕ್ಕದಿಂದ ಹೋದಾಗ ಒಂದು ರೆಪ್ಪೆ ಜೋಲಿ ಪಾಪೆ ಸಣ್ಣದಾಗುವುದುಂಟು. ಎಲ್ಲ ಸರಿಯಾಯಿತೆನ್ನುವಾಗ ಕೆಲವರಿಗೆ ಒಂದೆರಡು ದಿನ ತಡವಾಗಿ ಭುಜ ಎತ್ತಲಾಗದಂತೆ ಆಗುತ್ತದೆ. ಇದು ಐದನೆಯ ನರಬೇರಿನ ತೊಂದರೆ, ವ್ಯಾಯಾಮದೊಂದಿಗೆ ತಿಂಗಳುಗಳಲ್ಲಿ ಬಹುಪಾಲು ಮಂದಿಗೆ ಚೇತರಿಕೆ ಕಾಣುತ್ತದೆ. ಆದರೂ ಕಂಡ ಕೂಡಲೇ ವೈದ್ಯರಿಗೆ ತಿಳಿಸಬೇಕು, ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳುವ ಕೆಲಸ ಅವರದು.

ಎಂಟನೆಯ ಹೆಜ್ಜೆ: ಮನೆಗೆ ಬಂದ ಮೇಲೆ

ಕುತ್ತಿಗೆ ಪಟ್ಟಿ (ಕಾಲರ್) ಎಷ್ಟು ದಿನ ಎಂಬುದು ಹಾಕಿದ ಆಧಾರದ ಮೇಲೆ ನಿಂತಿದೆ, ಕೆಲವರಿಗೆ ಅದು ಬೇಕೇ ಇರುವುದಿಲ್ಲ. ಭಾರ ಎತ್ತುವುದು, ಸೇದುವ ಬಾವಿಯಿಂದ ನೀರು ಎಳೆಯುವುದು, ದ್ವಿಚಕ್ರ ವಾಹನದ ಹಿಂಬದಿ ಪ್ರಯಾಣ, ಇವನ್ನು ವೈದ್ಯರು ಒಪ್ಪಿದ ಮೇಲೆಯೇ ಶುರುಮಾಡಬೇಕು.

ತೆಗೆದ ಗಡ್ಡೆಯ ಪೆಥಾಲಜಿ ವರದಿ ಬರಲು ಹಲವು ದಿನ ಹಿಡಿಯುತ್ತದೆ. ಡಿಸ್‌ಚಾರ್ಜ್ ಆದ ಸಂತಸದಲ್ಲಿ ಅದನ್ನು ತರುವುದನ್ನು ಮರೆಯುವವರಿದ್ದಾರೆ. ಮುಂದಿನ ಚಿಕಿತ್ಸೆ ಪೂರ್ತಿ ಅದರ ಮೇಲೆಯೇ ನಿಂತಿದೆ. ವಿಕಿರಣ ಬೇಕಾದರೆ ಗಾಯ ಮಾಯಲು ಕೆಲವು ವಾರ ಬಿಟ್ಟು ಆರಂಭಿಸುತ್ತಾರೆ. ಕಾರ್ಡೋಮಾಕ್ಕೆ ಬೇಕಾಗುವ ದೊಡ್ಡ ಪ್ರಮಾಣದ ವಿಕಿರಣವನ್ನು ಬೆನ್ನುಹುರಿಗೆ ತಗುಲದಂತೆ ಕೊಡಲು ಪ್ರೋಟಾನ್ ಚಿಕಿತ್ಸೆಯನ್ನು ಪರಿಗಣಿಸಬಹುದು. ಕರ್ನಾಟಕದವರಿಗೆ ಹತ್ತಿರವೆಂದರೆ 2019ರಲ್ಲಿ ಚೆನ್ನೈನಲ್ಲಿ ಆರಂಭವಾದ ಪ್ರೋಟಾನ್ ಕೇಂದ್ರ. ಖರ್ಚು ಬಹಳ.

ಮೊದಲ ಎಂ.ಆರ್.ಐ. ಅನ್ನು ಸುಮಾರು ಮೂರು ತಿಂಗಳಿಗೆ ಮಾಡಿ, ನಂತರದವುಗಳನ್ನು ಅದರೊಂದಿಗೆ ಹೋಲಿಸಿ ನೋಡುವುದು ವಾಡಿಕೆ. ಪೂರ್ತಿ ತೆಗೆದ ಶ್ವಾನೋಮಾಕ್ಕೆ ಬರಬರುತ್ತಾ ಅಂತರ ಹೆಚ್ಚಿಸುತ್ತಾರೆ. ಕಾರ್ಡೋಮಾ ಹಲವು ವರ್ಷಗಳ ಬಳಿಕವೂ ಮರಳುವುದರಿಂದ ತಪಾಸಣೆ ನಿಲ್ಲಿಸುವಂತಿಲ್ಲ. ಟೈಟಾನಿಯಂ ಇದ್ದರೂ ಎಂ.ಆರ್.ಐ. ಮಾಡಿಸಬಹುದು, ಚಿತ್ರ ಆ ಜಾಗದಲ್ಲಿ ಮಸುಕಾಗುತ್ತದಷ್ಟೆ. ಇಂಪ್ಲಾಂಟಿನ ಕಾರ್ಡು, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಹಳೆಯ ಸಿ.ಡಿ.ಗಳನ್ನು ಒಂದೇ ಕಡತದಲ್ಲಿಡಿ. ಒಂದು ಬದಿಯ ಅಪಧಮನಿಯನ್ನು ಮುಚ್ಚಿದ್ದರೆ ಆ ವಿಷಯವನ್ನು ಕಡತದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಮುಂದೆ ಕುತ್ತಿಗೆಗೆ ಯಾವುದೇ ಚಿಕಿತ್ಸೆ ಮಾಡುವ ವೈದ್ಯರು ಉಳಿದ ಅಪಧಮನಿಯ ಬಗ್ಗೆ ಮೊದಲು ತಿಳಿಯಬೇಕಾದದ್ದು ಅದನ್ನೇ.